ಮನೆಗೆ ನೆರಳು ಕೊಟ್ಟವರು

ಅಕ್ಕ ತೀರಿಕೊಂಡದ್ದು ಸಂಜೆ. ಆಗಲೂ ನಮ್ಮ ಮನೆಯೊಳಗೆ ಬೆಳಗಿನ ಬಿಸಿಲಿತ್ತು. ಅವಳನ್ನು ನಡುಮನೆಯಲ್ಲಿ ಮಲಗಿಸಿ ತಲೆಯ ಬಳಿ ದೀಪ ಹಚ್ಚಿಟ್ಟರೆ, ಆ ದೀಪದ ಕುಡಿ ಬಿಸಿಲಿನಲ್ಲಿ ಕಾಣಿಸಲೇ ಇಲ್ಲ. ಬಂದವರು ಬಗ್ಗಿ, ಉರಿಯುತ್ತಿದೆಯೋ ಇಲ್ಲವೋ ಎಂದು ಅಂಗೈ ಹಿಡಿದು ಬಿಸಿ ನೋಡಿ ಸರಿಯುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಕಲ್ಲಿನ ಕಟ್ಟೆಯಿದೆ. ಅಕ್ಕ ದಿನವೂ ಅಲ್ಲಿ ಕುಳಿತು ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಅವಳು ಈಗಷ್ಟೇ ಒಳಗೆ ಎದ್ದು ಹೋದಳು, ಇನ್ನೇನು ಬಂದು ಕೂಡುತ್ತಾಳೆ ಎನ್ನುವಂತೆ ಬಿಸಿಲು ಆ ಕಟ್ಟೆಯನ್ನು ಬೆಚ್ಚಗೆ ಇಟ್ಟುಕೊಂಡು ಕಾಯುತ್ತಿತ್ತು.

ನಮ್ಮ ಊರಿನ ಹಳೆಯ ಕಟ್ಟಡಗಳಿಗೆ ಬೆಳಕು ಬರುವುದು ಪಟದಿಂದ. ಗಾರೆಯಲ್ಲಿ ಕಟ್ಟಿದ ಪ್ರತಿಯೊಂದು ಮನೆಗೂ ಅದರದೇ ಒಂದು ಕಪ್ಪು ಬಿಳುಪಿನ ಪಟವಿದೆ. ಅದನ್ನು ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ ತೂಗುಹಾಕಿರುತ್ತೇವೆ. ಪಟದಲ್ಲಿ ಬೆಳಕು ಹೇಗೋ ಮನೆಯಲ್ಲಿ ಹಾಗೆ. ಮನೆಯ ಬೆಳಕು ಹೇಗೋ ಒಳಗಿರುವವರ ಮನಸ್ಸು ಹಾಗೆ. ಈಚಿನ ಸಿಮೆಂಟಿನ ಮನೆಗಳಿಗೆ ಈ ಗುಣವಿಲ್ಲ, ಅವಕ್ಕೆ ಹೊರಗಿನ ಸೂರ್ಯನೇ ಗತಿ. ರಾತ್ರಿಯಾದರೆ ಪಟದ ಮೇಲೆ ಬಟ್ಟೆ ಇಳಿಬಿಡುತ್ತೇವೆ, ಆಗ ಮನೆ ಮಲಗುತ್ತದೆ. ಹೊತ್ತು ಮೀರಿ ಬಾಗಿಲು ತಟ್ಟಬೇಕಾಗಿ ಬಂದವರು ನಮ್ಮಲ್ಲಿ ಕೇಳುವುದು "ಪಟಾ ಮುಚ್ಚೀರೇನ್ರಿ?" ಎಂದೇ.

ಆ ಪಟಗಳನ್ನು ತಿದ್ದುವುದು ನನ್ನ ಮತ್ತು ಅಕ್ಕನ ಕಸುಬಾಗಿತ್ತು. ಕಟ್ಟಡದ ಚಿತ್ರವನ್ನು ಗಾಜಿನ ಫಲಕದ ಮೇಲೆ ತೆಗೆದುಕೊಳ್ಳುತ್ತೇವೆ. ಕತ್ತಲಕೋಣೆಯಲ್ಲಿ ಆ ಗಾಜನ್ನು ದೀಪದ ಕೆಳಗಿಟ್ಟು, ಬೆಳಕು ಅದರೊಳಗಿಂದ ಹಾಯ್ದು ಕಾಗದದ ಮೇಲೆ ಬೀಳುವಂತೆ ಮಾಡುತ್ತೇವೆ. ಕಾಗದದ ಮೇಲೆ ಬೆಳಕು ಹೆಚ್ಚು ಬಿದ್ದಲ್ಲಿ ಕಪ್ಪು ಏರುತ್ತದೆ. ನಡುವೆ ಅಂಗೈ ಅಡ್ಡ ಹಿಡಿದಲ್ಲಿ ಬಿಳುಪು ಉಳಿಯುತ್ತದೆ. ಮೊದಲ ಸಲ ನೋಡುವವರಿಗೆ ಇದು ತಲೆಕೆಳಗು ಎನಿಸುತ್ತದೆ. ಇಡೀ ವಿದ್ಯೆ ಇರುವುದು ಕೈ ಆಡಿಸುವುದರಲ್ಲಿ. ನೀರಿನ ಮೇಲಿನ ಎಲೆಯಂತೆ ಕೈ ಸಣ್ಣಗೆ ಅಲುಗುತ್ತಲೇ ಇದ್ದರೆ ಬೆಳಕು ನೆರಳು ಒಂದರೊಳಗೊಂದು ಕರಗುತ್ತವೆ. ಕೈ ನಿಂತಿತೋ, ಬೆರಳುಗಳ ಅಚ್ಚು ಹಾಗೆಯೇ ಪಟದಲ್ಲಿ ಕೂಡುತ್ತದೆ, ಆಮೇಲೆ ಮನೆಯಲ್ಲಿಯೂ ಕೂಡುತ್ತದೆ.

ನಾನು ಕೈ ಆಡಿಸುತ್ತಿದ್ದೆ, ಅಕ್ಕ ಹೊತ್ತು ಹಿಡಿಯುತ್ತಿದ್ದಳು. ಗಡಿಯಾರವನ್ನು ನಾವು ನಂಬಿದವರಲ್ಲ. ಅವಳು ಪಂಚನಮಸ್ಕಾರ ಹೇಳುತ್ತಿದ್ದಳು. ಮಂತ್ರ ಇಂತಿಷ್ಟು ಸಲ ಮುಗಿಯುವಲ್ಲಿ ದೀಪ ಆರಿಸಬೇಕು. ಮದುವೆಮನೆಯ ಪಟಕ್ಕೆ ಬೇಗ ಬೇಗ ಹೇಳುವಳು, ಸಾವಿನ ಮನೆಯ ಪಟಕ್ಕೆ ನಿಧಾನವಾಗಿ. ಅಂಚೆ ಕಚೇರಿಯ ಪಟ ಮಾಡುವಾಗ, ಜನ ಕಾಯುವ ಬೆಂಚಿನ ಮೇಲೆ ತುಸು ತಂಪು ನೆರಳು ಬರಲೆಂದು ಅಷ್ಟಕ್ಕೇ ಒಂದು ಸಲ ಹೆಚ್ಚು ಹೇಳಿದ್ದಳು. ಆ ಬೆಂಚಿನ ಮೇಲೆ ಇವತ್ತಿಗೂ ಯಾರೂ ಜಗಳ ತೆಗೆಯುವುದಿಲ್ಲ. ಅಕ್ಕನ ಹೆಸರು ಮರುದೇವಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು. ನಾನು ಮದುವೆಯಾಗದೆ ಉಳಿದವನು. ಹೀಗೆ ಒಬ್ಬರಿಗೊಬ್ಬರು ಆಗಿಬಂದು, ಬಸದಿಗೆ ಹೋಗುವುದು, ಪಟ ಮಾಡುವುದು, ಹೊತ್ತು ಮುಳುಗುವ ಮುನ್ನ ಉಣ್ಣುವುದು, ಇದರಲ್ಲಿಯೇ ನಮ್ಮ ಆಯುಷ್ಯ ಕಳೆಯಿತು. ಕಡಿಮೆಯಾಯಿತೆಂದು ನಾವಿಬ್ಬರೂ ಎಂದೂ ಹೇಳಿದವರಲ್ಲ.

ಪಟದ ವಿಷಯದಲ್ಲಿ ಊರಿಗೆ ಒಂದು ಕಟ್ಟಳೆಯಿದೆ: ತನ್ನ ಮನೆಯ ಪಟಕ್ಕೆ ತಾನು ಕೈ ಹಿಡಿಯಬಾರದು. ಮನೆಯವರು ಕತ್ತಲಕೋಣೆಗೆ ಬರಬಹುದು, ಬರಲೇಬೇಕು, ಆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಬೇಕು. ಏಕೆಂದರೆ ತಮ್ಮ ಮನೆಗೆ ಎಷ್ಟು ಬೆಳಕು ಬೇಕೆಂಬುದು ಯಾರಿಗೂ ತಿಳಿಯದು. ಬೆಲ್ಲದ ಅಂಗಡಿಯ ಶಿವಲಿಂಗಪ್ಪ ಮಗಳ ಮದುವೆಯಲ್ಲಿ ಬಂದು, "ಧರಣಪ್ಪ, ಮನ್ಯಾಗ ಎಲ್ಲೂ ಒಂದು ಕಪ್ಪು ಚುಕ್ಕಿ ಇರಬಾರದು ನೋಡು" ಎಂದು ಹಟ ಹಿಡಿದಿದ್ದ. ನಾನು ಬೇಡವೆಂದೆ. ಅಕ್ಕ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತ, "ಕೇಳಿದ್ದು ಮಾಡಿಕೊಡೋ ತಮ್ಮಾ, ತಾವಾಗೇ ತಿರುಗಿ ಬರತಾರ" ಎಂದಳು. ಮಾಡಿಕೊಟ್ಟೆವು. ಆ ಮನೆಯಲ್ಲಿ ಬಟ್ಟೆ ಇಳಿಬಿಟ್ಟರೂ ಅಂಚಿನಿಂದ ಬೆಳಕು ಸೋರತೊಡಗಿತು. ಬೀಗರಿಗೆ ನಿದ್ದೆಯಿಲ್ಲ, ಕೂಸುಗಳಿಗೆ ನಿದ್ದೆಯಿಲ್ಲ, ಎಲ್ಲರೂ ಕಾರಣವಿಲ್ಲದೆ ನಗುತ್ತ ನಗುತ್ತ ಬಳಲಿಹೋದರು. ಶಿವಲಿಂಗಪ್ಪ ಕೆಂಗಣ್ಣು ಮಾಡಿಕೊಂಡು ಓಡಿಬಂದ. "ಏ ಮಾರಾಯ, ಮದುವಿ ಹುಡುಗಿಗೆ ಅಳಾಕ ಒಂದು ಮೂಲಿ ಇಲ್ಲೋ ಮನ್ಯಾಗ! ತವರುಮನಿ ಬಿಡು ಮುಂದ ಅಳಲಿಲ್ಲ ಅಂದ್ರ ಆ ಕೂಸಿನ ಎದಿ ಒಡದು ಹೋದೀತು. ಎಲ್ಲೆರ ಒಂದೀಟು ಕಪ್ಪು ಇಟ್ಟುಕೊಡು." ಅಕ್ಕ ಮುಖ ಗಂಭೀರ ಮಾಡಿ, "ಬಾಗಿಲ ಹಿಂದ ಇಡೂಣೇನ್ರಿ ಸಾವಕಾರ, ಕಣಜದ ಮೂಲ್ಯಾಗ ಇಡೂಣೇನ್ರಿ?" ಎಂದು ಕೇಳಿದಳು. "ಎರಡೂ ಕಡೆ ಇಡವ್ವ. ಒಂದು ನನಗ ಬೇಕು, ಬೀಗರ ಕಣ್ಣು ತಪ್ಪಿಸಿ ಕೂಡಾಕ."

ಸಾವಾದ ಮನೆಗೆ ಹೊಸ ಪಟ ಮಾಡುತ್ತೇವೆ, ಕಪ್ಪು ಏರಿಸಿದ ಪಟ. ಇದಕ್ಕೆ ಮನೆಗೆ ನೆರಳು ಕೊಡುವುದು ಎನ್ನುತ್ತಾರೆ. ಅದರಲ್ಲಿಯೂ ಬಾಗಿಲನ್ನೂ ದೀಪದ ಗೂಡನ್ನೂ ಅಂಗೈಯಿಂದ ಕಾದು ಉಳಿಸಬೇಕು, ಇಲ್ಲದಿದ್ದರೆ ಮನೆಯವರು ಹೊರಗೆ ಬರುವುದನ್ನೇ ಮರೆಯುತ್ತಾರೆ. ಹಳೆಯ ಪಟವನ್ನು ಗೋಡೆಗೆ ಮುಖಮಾಡಿ ಇಡುತ್ತಾರೆ. ದುಃಖ ಹಣ್ಣಾಯಿತೆಂದು ನೆರೆಯವರಿಗೆ ತೋರಿದ ದಿನ ಅವರೇ ಬಂದು ಮತ್ತೆ ಬೆಳಕಿನ ಪಟ ಹಾಕುತ್ತಾರೆ. ಮನೆಯವರು ಬೇಕೆನ್ನುವಂತಿಲ್ಲ, ಬೇಡವೆನ್ನುವಂತಿಲ್ಲ.

ಊರಿನ ಎಷ್ಟೋ ಮನೆಗಳಿಗೆ ನಾವು ನೆರಳು ಕೊಟ್ಟಿದ್ದೆವು. ನಮ್ಮ ಮನೆಗೆ ಕೊಡುವವರು ಯಾರೂ ಇರಲಿಲ್ಲ. ನಮ್ಮ ಪಟ ನಮಗೆ ಕಸುಬು ಕಲಿಸಿದ ಗುರು ನೇಮಣ್ಣನವರು ಮಾಡಿದ್ದು, ಸೂರ್ಯೋದಯವಾಗಿ ಸ್ವಲ್ಪ ಹೊತ್ತಿನ ಬಿಸಿಲು. ನೇಮಣ್ಣನವರು ಹೋಗಿ ಬಹಳ ಕಾಲವಾಯಿತು. ವಿದ್ಯೆ ಉಳಿದದ್ದು ನಮ್ಮಿಬ್ಬರಲ್ಲಿ, ಈಗ ನನ್ನೊಬ್ಬನಲ್ಲಿ. ನನ್ನ ಮನೆಯ ಪಟವನ್ನು ನಾನು ಮುಟ್ಟುವಂತಿಲ್ಲ. ಹೀಗಾಗಿ ಅಕ್ಕ ಹೋದ ಸಂಗತಿ ಊರಿಗೆಲ್ಲ ತಿಳಿದರೂ ಮನೆಗೆ ತಿಳಿಯಲಿಲ್ಲ.

ಇದು ಎಂಥ ಕಷ್ಟವೆಂದು ಹೊರಗಿನವರಿಗೆ ಹೇಳುವುದು ಸುಲಭವಲ್ಲ. ಸಮಾಧಾನ ಹೇಳಲು ಬಂದವರು ಹೊಸ್ತಿಲು ದಾಟುವವರೆಗೆ ಮುಖ ಬಾಡಿಸಿಕೊಂಡಿರುತ್ತಿದ್ದರು, ದಾಟಿದ ಮೇಲೆ ಅವರ ಮುಖ ತಾನಾಗಿ ಅರಳುತ್ತಿತ್ತು. ಮಳೆ ಬೆಳೆ ಮಾತು ಬರುತ್ತಿತ್ತು, ಯಾರೋ ಒಬ್ಬರು ತಮಾಷೆ ಮಾಡಿ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹೊರಗೆ ಹೋದ ಮೇಲೆ ಅವರಿಗೆ ನಾಚಿಕೆಯಾಗಿ, ಮಾರನೆಯ ದಿನ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು. ಒಬ್ಬನೇ ಕುಳಿತು ಅಕ್ಕನನ್ನು ನೆನೆದರೆ ಗಂಟಲಿನಲ್ಲಿ ಬೆಳಗಿನ ಸ್ತೋತ್ರದ ರಾಗ ಏಳುತ್ತಿತ್ತು. ಸತ್ತವರಿಗಾಗಿ ಅತಿಯಾಗಿ ಅಳಬಾರದು, ಜೀವ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ ಎಂದು ನಾನು ಎಳವೆಯಿಂದ ಕೇಳಿದ್ದೇನೆ, ನಂಬಿದ್ದೇನೆ. ಆದರೆ ತಿಳಿದು ಅಳದೆ ಇರುವುದು ಬೇರೆ, ಅಳು ಎದೆಗೆ ಬಂದು ಅಲ್ಲಿಂದ ಮೇಲೆ ಏರದೆ ನಿಂತುಬಿಡುವುದು ಬೇರೆ. ರೊಟ್ಟಿಯ ತುಂಡು ಸಿಕ್ಕಿಕೊಂಡಂತೆ ಅದು ಹಗಲಿಡೀ ಅಲ್ಲಿಯೇ ಇರುತ್ತಿತ್ತು.

ಇದರ ಜೊತೆಗೆ ಊಟದ ತೊಂದರೆ. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವವನಲ್ಲ. ಆದರೆ ನಮ್ಮ ಮನೆಯೊಳಗೆ ಸಂಜೆಯೇ ಆಗುವುದಿಲ್ಲವಲ್ಲ! ಅಕ್ಕ ಇದ್ದಾಗ ಹಿತ್ತಲಿಗೆ ಹೋಗಿ ನಿಜವಾದ ಆಕಾಶ ನೋಡಿ ಬಂದು, "ಏಳೋ ತಮ್ಮಾ, ಸೂರ್ಯ ಬೇಲಿಗೆ ಬಂದಾನ" ಎಂದು ತಟ್ಟೆ ಹಾಕುತ್ತಿದ್ದಳು. ಈಗ ನಾನು ಬಿಸಿಲು ನೋಡಿಕೊಂಡು ಇನ್ನೂ ಹೊತ್ತಿದೆ ಎಂದುಕೊಂಡೇ ಇರುತ್ತಿದ್ದೆ. ಹಿತ್ತಲ ಬಾಗಿಲು ತೆಗೆದರೆ ಕತ್ತಲು. ಹೀಗೆ ಉಪವಾಸ ಬಿದ್ದುದನ್ನು ಪಕ್ಕದ ಮನೆಯ ಹುಸೇನಬಿ ಗುರುತಿಸಿದಳು. ಹುಸೇನಬಿ ಅಕ್ಕನಿಗಿಂತ ಸ್ವಲ್ಪ ಚಿಕ್ಕವಳು. ಗಾದಿ ಹೊಲಿಯುತ್ತಾಳೆ. ಚಿಕ್ಕಂದಿನಲ್ಲಿ ಬೀಸುಕಲ್ಲಿಗೆ ಸಿಕ್ಕು ಅವಳ ಬಲಗೈಯ ಕಿರುಬೆರಳು ಹೊರಕ್ಕೆ ಬಾಗಿದೆ. ಅಡುಗೆಮನೆಯ ಕಿಟಕಿಗೆ ಎದುರಾಗಿ ಅವಳ ಹಿತ್ತಲು; ಕಟ್ಟೆಯ ಮೇಲೆ ಕುಳಿತ ಅಕ್ಕನಿಗೂ ಅವಳಿಗೂ ದಿನವಿಡೀ ಮುಗಿಯದ ಮಾತು. ನಮ್ಮ ಕತ್ತಲಕೋಣೆಯ ಗೋಡೆಯೂ ಅವಳ ಹಿತ್ತಲಿಗೆ ಅಂಟಿಕೊಂಡೇ ಇದೆ.

"ಅಣ್ಣಾರ, ಹಸಿದುಕೊಂಡು ಮಲಗೂದು ಯಾವ ಪುಣ್ಯಾರಿ?" ಎಂದು ಅವಳು ಬೇಲಿಯ ಆಚೆಯಿಂದಲೇ ಗದರಿದಳು. "ರೋಜಾ ತಿಂಗಳದಾಗ ನಾವು ಹೊತ್ತು ಮುಣುಗೂದನ್ನ ಕಣ್ಣಿಗೆ ಎಣ್ಣಿ ಬಿಟ್ಟುಕೊಂಡು ಕಾಯತೇವಿ. ನೀವು ಮುಣುಗೂದರೊಳಗ ಉಣ್ಣವರು, ನಾವು ಮುಣುಗಿದ ಮ್ಯಾಲ ಉಣ್ಣವರು. ನೋಡೂ ಸೂರ್ಯ ಒಂದ ಅಲ್ಲೇನ್ರಿ? ನಾ ಗ್ವಾಡಿ ಬಡೀತೀನಿ, ನೀವು ಉಣ್ಣಾಕ ಕೂಡ್ರಿ." ಅಂದಿನಿಂದ ಅವಳ ಬಡಿತ ತಪ್ಪಿಲ್ಲ. ಜ್ವರ ಬಂದು ಮಲಗಿದ ದಿನವೂ ಸೊಸೆಯ ಕೈಯಿಂದ ಗೋಡೆ ಬಡಿಸಿದಳು. ನಾವು ತಿನ್ನುವುದೇನು ಬಿಡುವುದೇನು ಎಂದು ಬಲ್ಲವಳಾದ್ದರಿಂದ ಬೇಯಿಸಿದ್ದನ್ನು ಎಂದೂ ತರುತ್ತಿರಲಿಲ್ಲ. ತನ್ನ ಬಳ್ಳಿಯ ಹೀರೇಕಾಯಿಯನ್ನು ಕಿಟಕಿಯ ಸರಳಿನೊಳಗೆ ತೂರಿಸಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಪಟದ ಮೇಲೆ ಬಟ್ಟೆ ಇಳಿಬಿಟ್ಟು ನೋಡಿದೆ. ಕತ್ತಲೇನೋ ಆಯಿತು. ಆದರೆ ಬಟ್ಟೆಯ ಕತ್ತಲು ನಿದ್ದೆಯದು. ಅಕ್ಕನ ಮುಖ ನೆನಪಿಗೆ ತಂದುಕೊಳ್ಳುವಷ್ಟರಲ್ಲಿ ಕುಳಿತಲ್ಲಿಯೇ ಗೊರಕೆ ಹೊಡೆದಿದ್ದೆ. ಗೋಡೆಯ ಬಡಿತವೂ ಕೇಳಲಿಲ್ಲ. ಎಚ್ಚರವಾದಾಗ ಹುಸೇನಬಿ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು, ಹೊತ್ತು ಹೋಗಿತ್ತು.

ಮಾರನೆಯ ದಿನ ನನಗೆ ತಡೆಯಲಾಗಲಿಲ್ಲ. ಬಸದಿಯಿಂದ ಬಂದವನೇ ಹಿತ್ತಲಿನ ಕತ್ತಲಕೋಣೆಗೆ ನಡೆದೆ. ಅದು ತಗಡಿನ ಮಾಡು, ಸಿಮೆಂಟಿನ ಗೋಡೆ. ಪಟದ ಬೆಳಕು ಅಲ್ಲಿಗೆ ತಲುಪುವುದಿಲ್ಲ. ನಮ್ಮ ಮನೆಯ ಗಾಜನ್ನು ಪೆಟ್ಟಿಗೆಯಿಂದ ತೆಗೆದು ದೀಪದ ಕೆಳಗಿಟ್ಟೆ. ಕಾಗದ ಹಾಸಿದೆ. ದೀಪದ ಗುಂಡಿಯ ಮೇಲೆ ಬೆರಳೂ ಇಟ್ಟೆ. ಇಟ್ಟಾಗ ನನ್ನ ಮನಸ್ಸಿನಲ್ಲಿ ಇದ್ದುದು ಏನೆಂದು ಹೇಳಲೇ? ದೀಪ ಹಚ್ಚಿ, ಯಾವುದಕ್ಕೂ ಕೈ ಅಡ್ಡ ಹಿಡಿಯದೆ, ಬಾಗಿಲು, ದೀಪದ ಗೂಡು, ಕಟ್ಟೆ ಎಲ್ಲ ಒಂದೇ ಸಮ ಕಪ್ಪಾಗುವವರೆಗೆ ಸುಮ್ಮನೆ ನಿಂತುಬಿಡುವುದು. ಕಟ್ಟಳೆ ಮಾಡಿದ ಹಿರಿಯರು ಯಾರನ್ನು ನೆನೆದು ಅದನ್ನು ಮಾಡಿದರೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಬೆರಳು ತೆಗೆದೆ. ಕಾಗದವನ್ನು ಮತ್ತೆ ಮುಚ್ಚಿಟ್ಟು, ಗಾಜನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದರೆ ಬೇಲಿಯ ಬಳಿ ಹುಸೇನಬಿ ನಿಂತಿದ್ದಳು. ನನ್ನ ಮುಖ ನೋಡಿದಳು, ತೆರೆದ ಬಾಗಿಲು ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಓಣಿಯ ಕಡೆ ಹೊರಟಳು.

ಅವಳು ಹೋದದ್ದು ಅಂಬಾಬಾಯಿ ಟೀಚರ ಮನೆಗೆ. ಅಂಬಾಬಾಯಿಯವರು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಹಿರಿಯರು. ಕಟ್ಟಳೆಯ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ. ಸ್ವಲ್ಪ ಹೊತ್ತಿನಲ್ಲಿ ಅವರನ್ನೂ ಶಿವಲಿಂಗಪ್ಪನನ್ನೂ ಕರೆದುಕೊಂಡು ಹುಸೇನಬಿ ಬಂದಳು. ಅವರು ಯಾರೂ ಮನೆಯೊಳಗೆ ಬರಲಿಲ್ಲ. "ಒಳಗ ಬಂದ್ರ ನಗೂ ಬರತೈತಿ. ಇದು ನಗೂ ಮಾತಲ್ಲ" ಎಂದು ಅಂಬಾಬಾಯಿ ಹಿತ್ತಲ ಬಾವಿಕಟ್ಟೆಯ ಮೇಲೆ ಕುಳಿತರು.

"ಈ ಮನಿಗೆ ನೆರಳು ಕೊಡಬೇಕಾಗಿತ್ತು. ಧರಣಪ್ಪಗ ವಿದ್ಯಾ ಐತಿ, ಅಂವ ನೋಡಿಕೋತಾನ ಅಂತ ನಾವೆಲ್ಲ ಸುಮ್ಮನ ಕೂತ್ವಿ. ಅಂವ ನೋಡಿಕೊಳ್ಳಾಕ ಬರಂಗಿಲ್ಲ ಅನ್ನೂದು ನಮ್ಮ ತಲಿಗೆ ಹೊಳೀಲಿಲ್ಲ ನೋಡ್ರಿ" ಎಂದರು ಅವರು.

"ಹಂಗಾರ ಧರಣಪ್ಪ ಬಾಯಿಲೆ ಹೇಳಲಿ, ನಾವು ಕೈಲೆ ಮಾಡತೇವಿ" ಎಂದ ಶಿವಲಿಂಗಪ್ಪ.

ಅಂಬಾಬಾಯಿ ತಲೆಯಾಡಿಸಿದರು. "ಬಾಯಿಲೆ ಹೇಳಿದರೂ ಕೈ ಹಿಡದಂಗ. ಅಂವಾ ಒಳಗ ಬರಬೇಕು, ಮಾತಾಡಬಾರದು ಅಂದ್ರ ಅದೂ ಆಗೂದಿಲ್ಲ. ಅವನ ಮಾರಿ ನೋಡಿದ್ರ ನಮಗ ತಿಳಿದುಬಿಡತೈತಿ ಹೌದೋ ಅಲ್ಲೋ ಅಂತ. ಅಂವಾ ಇಲ್ಲೇ ಕೂಡಲಿ."

"ಏನ್ ಟೀಚರ, ಪರೀಕ್ಷಾ ಕೋಣ್ಯಾಗ ಹಾಕಿ ಬೀಗ ಹಾಕಿದಂಗ ಆತಲ್ರಿ!"

"ನೀ ಬರದ ಪರೀಕ್ಷಾ ಎಲ್ಲಾ ನಾ ತಿದ್ದೇನೋ ಶಿವಲಿಂಗ. ಈಗರ ಒಂದು ಪಾಸಾಗು."

ಅವರಿಗೆ ಈ ಕೆಲಸ ಪೂರಾ ಹೊಸದೇನಲ್ಲ. ತಮ್ಮ ತಮ್ಮ ಮನೆಯ ಪಟ ಮಾಡುವಾಗ ಕೈ ಹಿಂದೆ ಕಟ್ಟಿಕೊಂಡು ನಿಂತು ಎಲ್ಲರೂ ನೋಡಿದವರೇ. ಶಿವಲಿಂಗಪ್ಪ ಎರಡು ಸಲ ಬಂದಿದ್ದವನು, ಬೆಳಕು ಬಿದ್ದ ಕಾಗದವನ್ನು ಯಾವ ತಟ್ಟೆಯ ಮದ್ದಿನ ನೀರಿನಲ್ಲಿ ಮೊದಲು ಅದ್ದಬೇಕು, ಯಾವುದರಲ್ಲಿ ಆಮೇಲೆ ಎಂಬುದನ್ನು ವಾಸನೆಯಿಂದಲೇ ಹೇಳಬಲ್ಲೆನೆಂದ. ಅಂಬಾಬಾಯಿಯವರಿಗೆ ಕೈ ಆಡಿಸುವ ರೀತಿ ನೆನಪಿತ್ತು. ಉಳಿದದ್ದು ಹೊತ್ತು ಹಿಡಿಯುವುದು. ಗಡಿಯಾರವಿಲ್ಲ, ಅಕ್ಕನಿಲ್ಲ. ಆಗ ಹುಸೇನಬಿ ಮೆಲ್ಲಗೆ ಹೇಳಿದಳು: "ಅಕ್ಕಾರು ಒಳಗ ಹೇಳತಿದ್ದರಲ್ಲ, ಅದು ನನಗ ಗ್ವಾಡಿ ಆಚೀಂದ ದಿನಾ ಕೇಳತಿತ್ತು. ಬಾಯಾಗ ಬರೂದಿಲ್ಲರಿ ನನಗ. ಕಿವ್ಯಾಗ ಐತಿ. ಮದುವಿ ಪಟದ್ದು ಬ್ಯಾರೆ, ಸಾವಿನ ಪಟದ್ದು ಬ್ಯಾರೆ, ಎರಡೂ ಅದಾವ. ಕಣ್ಣು ಮುಚ್ಚಿದ್ರ ಅಕ್ಕಾರು ಹೇಳಿದಂಗ ಕೇಳತೈತಿ. ಮುಗದ ಕೂಡಲೆ ನಾ ದೀಪಾ ಆರಸ್ತೀನಿ."

ಅಂಬಾಬಾಯಿ ಬಾವಿಕಟ್ಟೆಯಿಂದ ಎದ್ದು, "ನಡಿಯವ್ವ" ಎಂದರು.

ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಕತ್ತಲಕೋಣೆಯ ಬಾಗಿಲು ಮುಚ್ಚಿತು. ಇಷ್ಟು ವರ್ಷ ನಾನು ಇದ್ದದ್ದು ಆ ಬಾಗಿಲಿನ ಒಳಗೆ, ಹೊರಗೆ ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಇದ್ದುದು ಒಂದೇ ಒಂದು ಗಾಜು. ಅದು ಒಡೆದರೆ ನಮ್ಮ ಮನೆಗೆ ಇನ್ನೊಂದು ಪಟವಿಲ್ಲ. ಕಪ್ಪು ಮಿತಿಮೀರಿದರೆ ನನಗೆ ಹೊರಗಿನ ದಾರಿಯಿಲ್ಲ. ಸಾಲದಿದ್ದರೆ ಅಕ್ಕನಿಗಾಗಿ ನಾನು ಸಾಯುವವರೆಗೂ ನಗುತ್ತಲೇ ಇರಬೇಕು. ಏನೋ ನೆಲಕ್ಕೆ ಬಿದ್ದು ಚೂರಾದ ಸದ್ದಾಯಿತು. ನಾನು ಎದ್ದುನಿಂತೆ. ಕೂಗುವಂತಿಲ್ಲ. ಒಳಗಿನಿಂದ ಶಿವಲಿಂಗಪ್ಪನೇ ಕೂಗಿದ: "ಗಾಜಲ್ಲೋ ಧರಣಪ್ಪ, ನನ್ನ ಚಸ್ಮಾ!" ಅದರ ಹಿಂದೆಯೇ ಅಂಬಾಬಾಯಿಯವರ ದನಿ: "ಅಂವನ ಕೂಡ ಮಾತಾಡಬ್ಯಾಡ!"

ಆಮೇಲೆ ಒಳಗೆ ನಿಶ್ಶಬ್ದ. ಅದು ಮಂತ್ರದ ಹೊತ್ತೆಂದು ನನಗೆ ತಿಳಿಯಿತು. ಯಾರೂ ಹೇಳುತ್ತಿರಲಿಲ್ಲ, ಆದರೂ ನಡೆಯುತ್ತಿತ್ತು. ನಾನು ಕೈ ಮುಗಿದುಕೊಂಡೆ. ನನಗೂ ಅಕ್ಕನ ದನಿ ಕೇಳಲೆಂದು ಕಿವಿಗೊಟ್ಟೆ, ನನಗೆ ಕೇಳಲಿಲ್ಲ. ಇಷ್ಟು ಕಾಲ ಅವಳ ಪಕ್ಕದಲ್ಲಿ ನಿಂತವನಿಗೆ ಲಕ್ಷ್ಯವೆಲ್ಲ ಕೈಯ ಮೇಲೆ. ಕೇಳಿಸಿಕೊಂಡವಳು ಗೋಡೆಯ ಆಚೆ ಗಾದಿ ಹೊಲಿಯುತ್ತಿದ್ದಳು. ಅದನ್ನು ನೆನೆದು ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅಕ್ಕನ ದನಿ ಒಂದು ಕಡೆಯಾದರೂ ಜೋಪಾನವಾಗಿದೆಯಲ್ಲ ಎಂದು ಸಮಾಧಾನವೇ ಆಯಿತು.

ಬಾಗಿಲು ತೆರೆದು ಅವರು ಹೊರಗೆ ಬಂದರು. ಹಸಿ ಕಾಗದವನ್ನು ನನಗೆ ಬೆನ್ನು ಮಾಡಿ ಒಣಹಾಕಿದರು. ಹುಸೇನಬಿ ಯಾರ ಮುಖವನ್ನೂ ನೋಡದೆ ಬೇಲಿಯ ಬಳಿಗೆ ಹೋಗಿ ನಿಂತಳು. ಒಣಗಿದ ಮೇಲೆ ಶಿವಲಿಂಗಪ್ಪ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಪಟಕ್ಕೆ ಕಟ್ಟು ಹಾಕಿದ. ನಡುಮನೆಗೆ ಹೋಗಿ ನೇಮಣ್ಣನವರ ಪಟವನ್ನು ಇಳಿಸಿ, ಗೋಡೆಗೆ ಮುಖಮಾಡಿ ಇಟ್ಟು, ಹೊಸದನ್ನು ತೂಗುಹಾಕಿದ. ಹೋಗುವಾಗ ಹಲ್ಲು ಕಿರಿದುಕೊಂಡು ಹೋದವನು ಬರುವಾಗ ಮೂಗು ಒರೆಸಿಕೊಳ್ಳುತ್ತ ಬಂದ. "ಹೋಗಪಾ ಧರಣಪ್ಪ, ಮನಿಗೆ ತಿಳಿದೈತಿ" ಎಂದ.

ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಮನೆ ತಣ್ಣಗಿತ್ತು. ಮೂಲೆಗಳು ಹಿಂದೆ ಸರಿದಿದ್ದವು, ತೊಲೆಗಳು ತಗ್ಗಿದ್ದವು, ಕಂಬಗಳು ತಲೆಗೆ ಮುಸುಕು ಹಾಕಿಕೊಂಡು ನಿಂತಂತಿದ್ದವು. ಕಪ್ಪು ಎಲ್ಲ ಕಡೆ ಒಂದೇ ಸಮ ಬಂದಿರಲಿಲ್ಲ. ಕಣಜದ ಬಳಿ ಮಸಿಯಂತೆ ಕಟ್ಟಿತ್ತು, ಹಾಸುಗಲ್ಲಿನ ಮೇಲೆ ಹೊಗೆಯಂತೆ ತೆಳುವಾಗಿತ್ತು. ಶಿವಲಿಂಗಪ್ಪ ಕಾದ ಬಾಗಿಲು ಬೇಕಾದುದಕ್ಕಿಂತ ಅಗಲವಾಗಿ ಬೆಳ್ಳಗಿತ್ತು. ಅವನ ಕೈ ದೊಡ್ಡದು. ದೀಪದ ಗೂಡನ್ನು ಅಂಬಾಬಾಯಿಯವರು ಕಾದಿದ್ದರು. ಅಲ್ಲಿ ಬೆಳಿಗ್ಗೆ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿತ್ತು. ಹಗಲಿನಲ್ಲಿ ನಮ್ಮ ಮನೆಯ ದೀಪವನ್ನು ನಾನು ನೋಡಿದ್ದು ಅಂದೇ ಮೊದಲು. ಅಷ್ಟು ಸಣ್ಣ ಕುಡಿ. ಅಕ್ಕ ದಿನವೂ ಇದನ್ನು ಹಚ್ಚುತ್ತಿದ್ದಳು, ಕಾಣುವುದಿಲ್ಲವೆಂದು ಒಂದು ದಿನವೂ ಬಿಟ್ಟವಳಲ್ಲ. ಎದೆಯಲ್ಲಿ ಸಿಕ್ಕಿಕೊಂಡಿದ್ದುದು ಸಡಿಲಿತು. ನಾನು ಕಂಬಕ್ಕೆ ಒರಗಿ ಕುಳಿತು, ಮುದುಕನೆಂಬುದನ್ನು ಮರೆತು, ಅತ್ತೆ. ಒಳಗೆ ಬಂದು ನಿಂತವರೂ ಅತ್ತರು. ಅಕ್ಕ ಹೋದ ಮೇಲೆ ನಮ್ಮ ಮನೆಯಲ್ಲಿ ಅಂದು ಅವಳಿಗೆ ಸಲ್ಲಬೇಕಾದದ್ದು ಸಂದಿತು.

ಕಣ್ಣು ಒರೆಸಿಕೊಂಡು ಅಡುಗೆಮನೆಯ ಕಡೆ ನೋಡಿದಾಗ ಅದು ಕಂಡಿತು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ, ಸುತ್ತಲಿನ ಕಪ್ಪಿನ ನಡುವೆ, ಒಂದು ಕೈಯಿತ್ತು. ಬೆಳಗಿನ ಬಿಸಿಲಿನ ಕೈ. ಅಂಗೈ, ಐದು ಬೆರಳು, ಅದರಲ್ಲಿ ಕಿರುಬೆರಳು ಹೊರಕ್ಕೆ ಬಾಗಿತ್ತು.

ಹುಸೇನಬಿ ಹೊಸ್ತಿಲಲ್ಲಿಯೇ ನಿಂತಿದ್ದಳು. "ತಪ್ಪಾತ್ರಿ ಅಣ್ಣಾರ" ಎಂದಳು. "ನನಗ ಕೈ ಹಿಡಿ ಅಂತ ಯಾರೂ ಹೇಳಿದ್ದಿಲ್ಲ. ದೀಪಾ ನೋಡಿಕೊಂಡು ನಿಂತಿದ್ದೆ. ಅಕ್ಕಾರ ದನಿ ಕಿವ್ಯಾಗ ಸುರು ಆತು. ಕೆಳಗ ನೋಡಿದ್ರ ಕಾಗದದ ಮ್ಯಾಲ ಈ ಕಟ್ಟಿ. ಇಷ್ಟು ಬೆಳಕು ಬಿದ್ರ ಇದು ಕರ್ರಗಾಗತೈತಿ ಅಂತ ಅನಸಿ ಕೈ ತಾನ ಮುಂದ ಹೋತು. ಆಡಸ್ಬೇಕು ಅಂತ ಗೊತ್ತೈತ್ರಿ, ಟೀಚರ ಹೇಳಿದ್ರು. ಆದ್ರ ಅಕ್ಕಾರು ಹೇಳಾಕತ್ತಾಗ ನನ್ನ ಕೈ ಆಡಲಿಲ್ಲ. ಕೇಳಕೋತ ನಿಂತುಬಿಟ್ಟಿತು."

ಅಂಬಾಬಾಯಿಯವರು ಕಟ್ಟೆಯ ಬಳಿ ಹೋಗಿ ಬಗ್ಗಿ ನೋಡಿದರು. ಶಿವಲಿಂಗಪ್ಪ, "ಇನ್ನೊಂದು ಕಾಗದ ಐತ್ರಿ, ಮತ್ತೊಂದು ಮಾಡೂಣೇನ್ರಿ?" ಎಂದ. ನನ್ನ ಬಾಯಿಗೆ ಮಾತು ಬಂದಿತ್ತು. ಆದರೆ ನಾನು ಬೇಕೆನ್ನುವಂತಿಲ್ಲ, ಬೇಡವೆನ್ನುವಂತಿಲ್ಲ. ಹಲ್ಲು ಕಚ್ಚಿಕೊಂಡು, ಮುಖವನ್ನೂ ಯಾರಿಗೂ ತೋರಿಸದೆ, ಗೋಡೆಯ ಕಡೆ ತಿರುಗಿ ನಿಂತೆ. ಅಂಬಾಬಾಯಿಯವರು ಕೊನೆಯ ಮಾತು ಹೇಳುವವರೆಗಿನ ಆ ಹೊತ್ತು ನನಗೆ ಬಾವಿಕಟ್ಟೆಯ ಮೇಲೆ ಕಾದ ಹೊತ್ತಿಗಿಂತ ದೊಡ್ಡದಾಗಿತ್ತು.

"ಯಾಕ ಮಾಡಬೇಕು?" ಎಂದರು ಅವರು. "ನೆರಳು ಬೇಕಾಗಿತ್ತು, ಬಂದೈತಿ. ಇದು ಇರಲಿ."

ಈಗ ಮಳೆಗಾಲ ಕಳೆದು ಚಳಿ ಬಿದ್ದಿದೆ. ನನ್ನ ಕಣ್ಣು ಒಣಗಿದ ದಿನಗಳೂ ಬರುತ್ತಿವೆ. ಓಣಿಯವರು ನಮ್ಮ ಮನೆಗೆ ಬೆಳಕಿನ ಪಟ ಹಾಕುವ ಮಾತು ಆಡುತ್ತಿದ್ದಾರೆ. ನೇಮಣ್ಣನವರ ಪಟವನ್ನು ತಿರುಗಿಸಿ ಹಾಕಿದರೆ ಸಾಕಾಗಿತ್ತು, ಆದರೆ ಅಂಬಾಬಾಯಿಯವರು ಹೊಸದನ್ನೇ ಮಾಡಬೇಕೆಂದಿದ್ದಾರಂತೆ, ಕಟ್ಟೆಯ ಮೇಲೆ ಹುಸೇನಬಿ ಮತ್ತೆ ಹಾಗೆಯೇ ಕೈ ಹಿಡಿಯಬೇಕಂತೆ. ಶಿವಲಿಂಗಪ್ಪ, "ಹಂಗಾರ ನನ್ನ ಕೈನೂ ಒಂದು ಇರಲಿ" ಎಂದನಂತೆ. "ನಿನ್ನ ಕೈ ಇಟ್ಟರ ಅರ್ಧ ಮನಿ ಮುಚ್ಚಿ ಹೋಗತೈತಿ" ಎಂದರಂತೆ ಅವರು. ಇದನ್ನೆಲ್ಲ ಅವರು ನನ್ನೆದುರಿಗೆ ಆಡುವುದಿಲ್ಲ; ನನಗೆ ಕೇಳಲಿ ಎಂದು ಬೇಲಿಯ ಆಚೆ ನಿಂತು ಆಡುತ್ತಾರೆ. ಅವರು ಯಾವಾಗ ಬಂದರೂ ಸರಿ. ನೆರಳನ್ನು ಅವರ ಕೈಯಿಂದ ಪಡೆದೆ, ಬೆಳಕನ್ನೂ ಅವರ ಕೈಯಿಂದಲೇ ಪಡೆಯುತ್ತೇನೆ. ಬಸದಿಯಲ್ಲಿ ಎಲ್ಲ ಜೀವಗಳಿಗೂ ಕ್ಷೇಮವನ್ನು ಕೋರುವಾಗ ಮೊದಲೆಲ್ಲ ಆ ಮಾತು ನಾಲಿಗೆಯ ಮೇಲೆ ಸುಮ್ಮನೆ ಜಾರಿಹೋಗುತ್ತಿತ್ತು. ಈಗ ಮೂವರ ಮುಖ ಕಣ್ಣ ಮುಂದೆ ಬರುತ್ತದೆ, ಅಲ್ಲಿಂದ ಮುಂದೆ ಹೋಗಲು ಸ್ವಲ್ಪ ತಡವಾಗುತ್ತದೆ.

ಇದನ್ನು ಬರೆಯುತ್ತಿದ್ದಂತೆ ಗೋಡೆಯ ಮೇಲೆ ಬಡಿತ ಕೇಳಿತು. "ಅಣ್ಣಾರ, ಸೂರ್ಯ ಬೇಲಿಗೆ ಬಂದಾನ್ರಿ" ಎಂದು ಹುಸೇನಬಿ ಕೂಗಿದಳು. "ಕೂತೆನವ್ವಾ" ಎಂದೆ. ಎದ್ದು ಕೈಕಾಲು ತೊಳೆದು, ಅನ್ನ ಬಡಿಸಿಕೊಂಡೆ. ಹೀರೇಕಾಯಿಯ ಪಲ್ಲೆ ಇತ್ತು. ತಟ್ಟೆಯನ್ನು ಕಟ್ಟೆಯ ಮೇಲಿನ ಆ ಅಂಗೈಯೊಳಗೆ ಇಟ್ಟು, ಅಕ್ಕನಿಗೆ ತುಸು ಜಾಗ ಬಿಟ್ಟು, ಉಣ್ಣಲು ಕುಳಿತೆ.